ಟೆಸ್ಟ್ ಎಲ್ಲ ಪಾಸು, ಆದರೂ ಹ್ಯಾಂಗು: ನನ್ನ ಕಮೊಡೋರ್ 64 ರಿಪೇರಿ

ಆನ್ ಮಾಡಿದಾಗ ಎಲ್ಲ ಸರಿಯಾಗಿಯೇ ಇತ್ತು. ಸುತ್ತ ತಿಳಿನೀಲಿ ಅಂಚು, ನಡುವೆ ಕಡುನೀಲಿ. ಮೇಲೆ 38911 ಬೇಸಿಕ್ ಬೈಟ್ಸ್ ಫ್ರೀ ಅಂತ ಒಂದು ಸಾಲು, ಅದರ ಕೆಳಗೆ ರೆಡಿ, ಮಿಣಮಿಣ ಅನ್ನುವ ಕರ್ಸರ್. ಸುಮಾರು 40 ವರ್ಷ ಹಳೆಯ ಯಂತ್ರ ಒಂದೇ ಏಟಿಗೆ ಎದ್ದು ಕೂತಿತಲ್ಲ ಅಂತ ಖುಷಿಯಾಯಿತು. ಆ ಖುಷಿ 11 ನಿಮಿಷ ಇತ್ತು. ಆಮೇಲೆ ಪರದೆ ತುಂಬ ಏನೇನೋ ಚಿಹ್ನೆಗಳು ಚೆಲ್ಲಾಡಿದವು, ಕರ್ಸರ್ ನಿಂತುಹೋಯಿತು. ಯಾವ ಕೀ ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ.

ಈ ಮೆಷಿನ್ ನನಗೆ ಸಿಕ್ಕಿದ್ದು ಸೋದರಮಾವನ ಅಟ್ಟದಲ್ಲಿ. ಮಾವ ರೇಡಿಯೋ, ಟೀವಿ ರಿಪೇರಿ ಮಾಡಿಕೊಂಡಿದ್ದವರು. ಯಾರೋ ರಿಪೇರಿಗೆ ಅಂತ ಕೊಟ್ಟವರು ವಾಪಸ್ ತಗೊಂಡು ಹೋಗಲು ಬರಲೇ ಇಲ್ಲವಂತೆ. "ಬೇಕಾದ್ರೆ ತಗೊಂಡ್ಹೋಗು, ಇಲ್ಲಿ ಸುಮ್ನೆ ಧೂಳು ತಿಂತಾ ಇದೆ" ಅಂದರು. ರಿಪೇರಿಗೆ ಬಂದದ್ದು ಅಂದಮೇಲೆ ಏನೋ ಕೆಟ್ಟಿರಲೇಬೇಕು ಅನ್ನುವುದು ನನಗೆ ಆಗ ಹೊಳೆಯಲಿಲ್ಲ.

ಕಮೊಡೋರ್ 64 ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಕೀಬೋರ್ಡಿನ ಹೊಟ್ಟೆಯೊಳಗೇ ಇಡೀ ಕಂಪ್ಯೂಟರ್. ಟೀವಿಗೆ ಸಿಕ್ಕಿಸಿದರೆ ಆಯಿತು. 64 ಕಿಲೋಬೈಟ್ ಮೆಮೊರಿ, ಹೆಚ್ಚುಕಮ್ಮಿ 1 ಮೆಗಾಹರ್ಟ್ಜ್‌ನಲ್ಲಿ ಓಡುವ 6510 ಪ್ರೊಸೆಸರ್. ಈಗಿನ ಲೆಕ್ಕದಲ್ಲಿ ಇದು ಯಾವ ಮೂಲೆಗೂ ಸಾಲದು. ಆದರೆ ಇದರಲ್ಲಿ ಸದ್ದಿಗೆ ಅಂತಲೇ ಇರುವ ಸಿಡ್ ಚಿಪ್ ಇದೆಯಲ್ಲ, ಅದಕ್ಕೋಸ್ಕರ ಇವತ್ತಿಗೂ ಜನ ಈ ಮೆಷಿನ್ ಹುಡುಕುತ್ತಾರೆ. ಬಾಬ್ ಯಾನ್ನೆಸ್ ಅನ್ನುವ ಎಂಜಿನಿಯರ್ ರೂಪಿಸಿದ್ದು. ಮೂರು ದನಿ, ನಾಲ್ಕು ಬಗೆಯ ಅಲೆ, ಅವುಗಳ ಮೇಲೊಂದು ಫಿಲ್ಟರ್. ಬೀಪ್ ಅಂದರೆ ಸಾಕು ಅಂತಿದ್ದ ಕಾಲದಲ್ಲಿ ಆತ ನಿಜವಾದ ಸಿಂಥಸೈಜರನ್ನೇ ಒಂದು ಚಿಪ್‌ನೊಳಗೆ ಕೂರಿಸಿದ. ನನಗೆ ಆಟ ಬೇಕಿರಲಿಲ್ಲ, ಆ ದನಿ ಬೇಕಿತ್ತು.

ಬಂದ ದನಿಯೋ, ದೇವರೇ ಗತಿ. ಮಧ್ಯೆ ಮಧ್ಯೆ ಒಣಗಿದ ಎಲೆ ತುಳಿದ ಹಾಗೆ ಚರಪರ. ಹಿಂದೆ ಸದಾ ಒಂದು ಗುಂಯ್. ಹಾಡಿನಲ್ಲಿ ಬೇಸ್ ಇರಬೇಕಾದ ಜಾಗದಲ್ಲಿ ಬರೀ ಖಾಲಿ. ತಬಲಾದವನು ಎಡಗೈ ಎತ್ತಿಟ್ಟು ಬರೀ ಬಲಗೈಯಲ್ಲಿ ಬಾರಿಸಿದ ಹಾಗೆ.

ಮಾವನಿಗೆ ಫೋನ್ ಮಾಡಿದೆ.

"ಹ್ಯಾಂಗೂ ಆಗುತ್ತೆ, ಸೌಂಡೂ ಕೆಟ್ಟಿದೆ ಮಾವ. ಎರಡಕ್ಕೂ ಒಂದೇ ಕಾರಣ ಇರಬೇಕು ಅಲ್ವಾ?"

"ಇರಬಹುದು. ಇಲ್ಲದೇನೂ ಇರಬಹುದು. ಮೊದಲು ಕರೆಂಟ್ ನೋಡಿದ್ಯೇನೋ?"

"ಅಡಾಪ್ಟರ್ ಹೊಸದು ಮಾವ. ಅಳತೆ ಮಾಡಿದ್ದೀನಿ, ಸರಿ ಇದೆ."

"ಹೂಂ" ಅಂದು ಸುಮ್ಮನಾದರು. ಆ ಹೂಂಗೆ ಅರ್ಥ ಏನು ಅಂತ ಗೊತ್ತಾಗುವ ಹೊತ್ತಿಗೆ ಮೂರು ವಾರ ಕಳೆದಿತ್ತು.

ಅಡಾಪ್ಟರ್ ವಿಷಯ ಒಂಚೂರು ಹೇಳಬೇಕು. ಈ ಮೆಷಿನ್ ಜೊತೆ ಬರುತ್ತಿದ್ದ ಹಳೆಯ ಅಡಾಪ್ಟರ್ ಒಂದು ಇಟ್ಟಿಗೆ. ತೂಕವೂ ಹಾಗೇ. ಅದು ಎರಡು ಬಗೆಯ ಕರೆಂಟ್ ಕೊಡುತ್ತದೆ: 5 ವೋಲ್ಟ್ ಡಿಸಿ, 9 ವೋಲ್ಟ್ ಎಸಿ. ಒಳಗೆ ರಾಳ ಸುರಿದು ಗಟ್ಟಿ ಮಾಡಿರುತ್ತಾರೆ, ಹಾಗಾಗಿ ಬಿಸಿ ಹೊರಗೆ ಹೋಗುವುದಿಲ್ಲ, ಬಿಚ್ಚಲೂ ಆಗುವುದಿಲ್ಲ. ವಯಸ್ಸಾದ ಮೇಲೆ ಅದರೊಳಗಿನ ರೆಗ್ಯುಲೇಟರ್ ಕೈಕೊಟ್ಟರೆ ವೋಲ್ಟೇಜ್ ಇಳಿಯುವ ಬದಲು ಏರುವುದೇ ಜಾಸ್ತಿ. 5 ಇರಬೇಕಾದದ್ದು 6, 7 ಆಗುತ್ತದೆ. ಮೊದಲು ಬಲಿಯಾಗುವುದು ಮೆಮೊರಿ ಚಿಪ್‌ಗಳು. ಹಾಗಾಗಿ ಅಟ್ಟದ ಅಡಾಪ್ಟರನ್ನು ಪ್ಲಗ್‌ಗೆ ಹಾಕುವ ಧೈರ್ಯ ಮಾಡಲಿಲ್ಲ. ವೋಲ್ಟೇಜ್ ಏರಿದರೆ ತಾನೇ ಕಟ್ ಆಗುವ ಹೊಸದೊಂದನ್ನು ತರಿಸಿಕೊಂಡೆ. ಮೆಷಿನ್‌ಗೆ ಸಿಕ್ಕಿಸುವ ಮೊದಲು 7 ಪಿನ್ನಿನ ಆ ದುಂಡನೆಯ ಪ್ಲಗ್‌ನಲ್ಲೇ ಮಲ್ಟಿಮೀಟರ್ ಹಿಡಿದು ನೋಡಿದೆ. 5.08. ನೋಟ್‌ಬುಕ್ಕಿನಲ್ಲಿ "ಪವರ್ ಓಕೆ" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಆ ಎರಡು ಗೆರೆಯೇ ನನ್ನನ್ನು ದಾರಿ ತಪ್ಪಿಸಿದ್ದು.

ಎಷ್ಟು ಹೊತ್ತಿಗೆ ಹ್ಯಾಂಗ್ ಆಗುತ್ತದೆ ಅಂತ ಕಾದು ಕೂರುವುದು ತಲೆನೋವಿನ ಕೆಲಸ. ಟೀ ಕುಡಿಯಲು ಎದ್ದರೆ ಆಗಲೇ ನಿಂತಿರುತ್ತದೆ. ಇದಕ್ಕೊಂದು ಸುಲಭದ ಉಪಾಯ ಸಿಕ್ಕಿತು. ಪ್ರೋಗ್ರಾಂ ಬರೆಯಲು ಇದರಲ್ಲಿರುವ ಬೇಸಿಕ್ ಭಾಷೆಯಲ್ಲಿ ಟಿಐ ಡಾಲರ್ ಅಂತ ಒಂದು ಗಡಿಯಾರ ಇದೆ. ಆನ್ ಮಾಡಿದಾಗ ಸೊನ್ನೆಯಿಂದ ಶುರುವಾಗಿ ಗಂಟೆ, ನಿಮಿಷ, ಸೆಕೆಂಡನ್ನು ಆರು ಅಂಕಿಯಲ್ಲಿ ಎಣಿಸುತ್ತಾ ಹೋಗುತ್ತದೆ. ಅದನ್ನೇ ಪರದೆ ಮೇಲೆ ಬರೆಯುತ್ತಾ ಇರು ಅನ್ನುವ ಎರಡು ಸಾಲಿನ ಪ್ರೋಗ್ರಾಂ ಹಾಕಿದೆ. ಹ್ಯಾಂಗ್ ಆದಾಗ ಗಡಿಯಾರವೂ ಅಲ್ಲೇ ನಿಲ್ಲುತ್ತದೆ, ಕೊನೆಯ ಅಂಕಿ ಪರದೆಯಲ್ಲಿ ಉಳಿಯುತ್ತದೆ. 001104 ಅಂದರೆ 11 ನಿಮಿಷ 4 ಸೆಕೆಂಡು. ಕೆಲವು ಸಲ ಕಸದ ಚಿಹ್ನೆಗಳು ಅಂಕಿಯನ್ನೇ ನುಂಗಿಬಿಡುತ್ತಿದ್ದವು, ಆದರೂ ಹತ್ತಕ್ಕೆ ಏಳು ಸಲ ಓದಲು ಸಿಗುತ್ತಿತ್ತು.

ನೋಟ್‌ಬುಕ್ ತುಂಬುತ್ತಾ ಬಂತು. ತಣ್ಣಗಿದ್ದಾಗ ಆನ್ ಮಾಡಿದರೆ 10ರಿಂದ 12 ನಿಮಿಷ. ಹ್ಯಾಂಗ್ ಆದ ತಕ್ಷಣ ಆಫ್ ಮಾಡಿ ಆನ್ ಮಾಡಿದರೆ 2 ನಿಮಿಷವೂ ಇಲ್ಲ. ಅರ್ಧ ಗಂಟೆ ಬಿಟ್ಟರೆ ಮತ್ತೆ 10. ಮೇಲಿನ ಮುಚ್ಚಳ ತೆಗೆದು ಫ್ಯಾನ್ ಕೆಳಗೆ ಇಟ್ಟರೆ 14. ಬಿಸಿಗೂ ಇದಕ್ಕೂ ಸಂಬಂಧ ಇದೆ ಅಂತ ಮಗುವಿಗೂ ಗೊತ್ತಾಗುತ್ತದೆ. ಯಾವುದು ಬಿಸಿಯಾದಾಗ ಅನ್ನುವುದೇ ಪ್ರಶ್ನೆ.

ಮೊದಲ ಅನುಮಾನ ಮೆಮೊರಿ ಮೇಲೆ. ಈ ಬೋರ್ಡಿನಲ್ಲಿ ಸಾಲಾಗಿ ಎಂಟು 4164 ಚಿಪ್‌ಗಳು; ಒಂದೊಂದು ಚಿಪ್ ಬೈಟಿನ ಒಂದೊಂದು ಬಿಟ್ಟನ್ನು ಹೊರುತ್ತದೆ. ಎಂಟರಲ್ಲಿ ಒಂದು ಮುನಿಸಿಕೊಂಡರೂ ಇಡೀ ಮೆಷಿನ್ ಮಲಗುತ್ತದೆ. ಇದನ್ನು ಪರೀಕ್ಷಿಸಲು ಡೆಡ್ ಟೆಸ್ಟ್ ಅನ್ನುವ ಕಾರ್ಟ್ರಿಡ್ಜ್ ಇದೆ. ಹಿಂದೆ ಸಿಕ್ಕಿಸಿ ಆನ್ ಮಾಡಿದರೆ ಮೆಮೊರಿ ನೋಡುತ್ತದೆ. ಕೆಟ್ಟಿದ್ದರೆ ಪರದೆ ಮಿಂಚುತ್ತದೆ, ಎಷ್ಟು ಸಲ ಮಿಂಚಿತು ಅನ್ನುವುದರ ಮೇಲೆ ಯಾವ ಚಿಪ್ ಅಂತ ಗೊತ್ತಾಗುತ್ತದೆ. ನನ್ನದರಲ್ಲಿ ಒಂದೂ ಮಿಂಚಲಿಲ್ಲ. ಟೆಸ್ಟ್ ಒಂದರ ಹಿಂದೆ ಒಂದು ಪಾಸ್ ಆಗುತ್ತಾ ಹೋಯಿತು, ಆಮೇಲೆ ಟೆಸ್ಟೇ ಹ್ಯಾಂಗ್ ಆಯಿತು. ಜ್ವರ ನೋಡುವ ಡಾಕ್ಟರಿಗೇ ಜ್ವರ ಬಂದರೆ ಏನು ಮಾಡುವುದು? ಪರೀಕ್ಷೆ ಮಾಡುವ ಪ್ರೋಗ್ರಾಂ ಓಡುವುದೂ ಅದೇ ಪ್ರೊಸೆಸರ್ ಮೇಲೆ, ಅದೇ ಕರೆಂಟಿನಲ್ಲಿ ಅಲ್ವಾ. ಈ ಮಾತು ಆಗಲೇ ತಲೆಗೆ ಹೋಗಿದ್ದರೆ ಎರಡು ವಾರ ಉಳಿಯುತ್ತಿತ್ತು.

ಆಮೇಲೆ ಬೆರಳು ಪರೀಕ್ಷೆ. ಎಲ್ಲ ಚಿಪ್‌ಗಳನ್ನೂ ಮುಟ್ಟಿ ನೋಡುವುದು, ಅತಿ ಬಿಸಿ ಇದ್ದದ್ದು ಕಳ್ಳ. ಎಂಟೂ ಮೆಮೊರಿ ಚಿಪ್ ಒಂದೇ ಹದದಲ್ಲಿ ಬೆಚ್ಚಗಿದ್ದವು. ಆದರೆ ವಿಡಿಯೋ ಚಿಪ್ ಮುಟ್ಟಿ ಕೈ ಹಿಂದೆ ತೆಗೆದೆ. ಸಿಡ್ ಕೂಡ ಹಾಗೇ. ಪಿಎಲ್‌ಎ ಅಂತ ಇನ್ನೊಂದು ಚಿಪ್, ಯಾವ ವಿಳಾಸಕ್ಕೆ ಯಾವ ಚಿಪ್ ಉತ್ತರ ಕೊಡಬೇಕು ಅಂತ ತೀರ್ಮಾನಿಸುವುದು, ಅದೂ ಕಾದ ಕಾವಲಿ. ವಿಚಾರಿಸಿದರೆ ಈ ಮೂರೂ ಹುಟ್ಟಿದಾಗಿನಿಂದ ಹೀಗೇ ಅಂತೆ. ಕೈ ಸುಟ್ಟದ್ದೆಲ್ಲ ಕೆಟ್ಟದ್ದು ಅಂದುಕೊಂಡರೆ ಅರ್ಧ ಬೋರ್ಡನ್ನೇ ಕೀಳಬೇಕಾದೀತು.

ಪಿಎಲ್‌ಎ ಕೈಕೊಡುವುದು ಈ ಮೆಷಿನ್‌ನಲ್ಲಿ ಸಾಮಾನ್ಯ. ನನ್ನ ಬೋರ್ಡಿನಲ್ಲಿ ಅದು ಸಾಕೆಟ್‌ನಲ್ಲೇ ಕೂತಿತ್ತು, ಬೆಸುಗೆ ಬಿಡಿಸುವ ಗೋಜಿರಲಿಲ್ಲ. ಬದಲಿ ತಂದು ಹಾಕಿದೆ. 11 ನಿಮಿಷ 40 ಸೆಕೆಂಡು. ಹಳೆಯದನ್ನೇ ವಾಪಸ್ ಹಾಕಿದೆ. ಚಿಪ್ ಕಾಲುಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದೆ, ಸಾಕೆಟ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ. ಏನೂ ಬದಲಾಗಲಿಲ್ಲ. ಕೆಪ್ಯಾಸಿಟರ್ ಎಲ್ಲ ಬದಲಿಸಿಬಿಡೋಣ ಅಂತ ಕೈ ತುರಿಸುತ್ತಿತ್ತು. ಹಳೆ ಮೆಷಿನ್ ಕೈಗೆ ಬಂದವರಿಗೆಲ್ಲ ಅದೊಂದು ಚಟ. ಯಾವುದೂ ಊದಿರಲಿಲ್ಲ, ಯಾವುದೂ ಸೋರಿರಲಿಲ್ಲ. ಕಾರಣ ಗೊತ್ತಿಲ್ಲದೆ ಇಪ್ಪತ್ತು ಬೆಸುಗೆ ಬಿಚ್ಚಿ ಹಾಕಿದರೆ ಇಪ್ಪತ್ತು ಹೊಸ ತಪ್ಪು ಮಾಡಲು ಅವಕಾಶ ಕೊಟ್ಟ ಹಾಗೆ. ಬಿಟ್ಟೆ. ಈ ಕಥೆಯಲ್ಲಿ ನಾನು ಮಾಡಿದ ಮೊದಲ ಬುದ್ಧಿವಂತಿಕೆ ಅದು.

ಎರಡನೆಯದು ನೋಟ್‌ಬುಕ್ಕನ್ನು ಮೊದಲಿನಿಂದ ಓದಿದ್ದು. ಒಂದು ರಾತ್ರಿ ನಿದ್ದೆ ಬಾರದೆ ಕೂತು ಓದುತ್ತಿದ್ದೆ. ಎಲ್ಲ 10, 11, 12ರ ನಡುವೆ ಮೂರು ಕಡೆ ಬೇರೆ ಥರದ ಅಂಕಿ ಇತ್ತು. 38 ನಿಮಿಷ. 41 ನಿಮಿಷ. 35 ನಿಮಿಷ. ಪಕ್ಕದಲ್ಲಿ ನಾನೇ ಗೀಚಿದ ಟಿಪ್ಪಣಿ: "ಸಿಟ್ಟಿನಲ್ಲಿ ನಾಲ್ಕೈದು ಸಲ ಆನ್ ಆಫ್ ಮಾಡಿದೆ." ಮೂರಕ್ಕೂ ಅದೇ. ಸಿಟ್ಟು ಮಾಡಿಕೊಂಡ ದಿನ ಮೆಷಿನ್ ಜಾಸ್ತಿ ಹೊತ್ತು ಓಡುತ್ತಿತ್ತು!

ಬೆಳಗ್ಗೆ ಮಾವನಿಗೆ ಫೋನ್ ಮಾಡಿ ಇದನ್ನು ಹೇಳಿದೆ. ಅವರು ನಕ್ಕರು.

"ಕರೆಂಟ್ ಅಳೆದೆ ಅಂದ್ಯಲ್ಲ, ಎಲ್ಲಿ ಅಳೆದೆ?"

"ಅಡಾಪ್ಟರ್ ಪ್ಲಗ್‌ನಲ್ಲಿ ಮಾವ."

"ಅಡಾಪ್ಟರ್ ಎಷ್ಟು ಕೊಡ್ತು ಅಂತ ಗೊತ್ತಾಯ್ತು. ಚಿಪ್‌ಗೆ ಎಷ್ಟು ಸಿಕ್ತು ಅಂತ ಗೊತ್ತಾಯ್ತೇನೋ? ಚಿಪ್ ಕಾಲಲ್ಲಿ ಅಳಿ. ಮೆಷಿನ್ ಓಡ್ತಾ ಇರುವಾಗ."

ಮೆಷಿನ್ ಆನ್ ಮಾಡಿ, ಗಡಿಯಾರದ ಪ್ರೋಗ್ರಾಂ ಓಡಿಸಿ, ಮೆಮೊರಿ ಚಿಪ್ ಒಂದಕ್ಕೆ ಮಲ್ಟಿಮೀಟರ್ ಹಿಡಿದೆ. ಮೊದಲ ಸಲ ಮೈನಸ್ ತೋರಿಸಿತು. 16 ಕಾಲಿನ ಸಾಮಾನ್ಯ ಲಾಜಿಕ್ ಚಿಪ್‌ನಲ್ಲಿ 16ನೇ ಕಾಲು 5 ವೋಲ್ಟ್, 8ನೇ ಕಾಲು ಗ್ರೌಂಡ್. 4164ರಲ್ಲಿ ಅದು ಉಲ್ಟಾ: 8ರಲ್ಲಿ ವೋಲ್ಟೇಜ್, 16ರಲ್ಲಿ ಗ್ರೌಂಡ್. ವೈರ್ ಅದಲುಬದಲು ಮಾಡಿದೆ. 4.73.

ಇಂಥ ಬೋರ್ಡಿನ ಬಹಳಷ್ಟು ಚಿಪ್‌ಗಳಿಗೆ 4.75ರಿಂದ 5.25ರವರೆಗೆ ನಡೆಯುತ್ತದೆ. ಆನ್ ಮಾಡಿದ ಮೊದಲ ನಿಮಿಷದಲ್ಲೇ ನಾವು ಗೆರೆಯ ಕೆಳಗಿದ್ದೆವು. ಹಿಡಿದ ಕೈ ಅಲ್ಲಾಡಿಸದೆ ಕೂತೆ. 3 ನಿಮಿಷಕ್ಕೆ 4.70. 6 ನಿಮಿಷಕ್ಕೆ 4.66. ಮೀಟರಿನ ಕೊನೆಯ ಅಂಕಿ ಒಂದೊಂದಾಗಿ ಇಳಿಯುವುದನ್ನು ನೋಡುವುದು ಒಂಥರಾ ಹಿಂಸೆ. 9 ನಿಮಿಷಕ್ಕೆ 4.62. ಆಮೇಲೆ 4.60, 4.59. ಒಂದು ಸಲ 4.58 ಅಂತ ಬಂದು ಹೋಯಿತು. ಪರದೆ ಕಡೆ ತಿರುಗಿ ನೋಡಿದರೆ ಗಡಿಯಾರ ನಿಂತಿತ್ತು.

ಅಡಾಪ್ಟರ್ ತುದಿಯಲ್ಲಿ 5.08, ಚಿಪ್ ಕಾಲಿನಲ್ಲಿ 4.6. ನಡುವೆ ಅರ್ಧ ವೋಲ್ಟ್ ಎಲ್ಲಿ ಸೋರಿತು? ನಡುವೆ ಇರುವುದೇ ಮೂರು: ಪ್ಲಗ್ ಕೂರುವ ಜಾಗ, ಸ್ವಿಚ್, ಬೋರ್ಡಿನ ತಾಮ್ರದ ಗೆರೆ. ಮೆಷಿನ್ ಓಡುತ್ತಿರುವಾಗಲೇ ಮೀಟರಿನ ಒಂದು ಮೊನೆಯನ್ನು ಸ್ವಿಚ್ಚಿಗೆ ಕರೆಂಟ್ ಬರುವ ಕಾಲಿಗೆ, ಇನ್ನೊಂದನ್ನು ಅದು ಹೊರಗೆ ಹೋಗುವ ಕಾಲಿಗೆ ಹಿಡಿದೆ. ಸ್ವಿಚ್ ಚೆನ್ನಾಗಿದ್ದರೆ ಸೊನ್ನೆಯ ಹತ್ತಿರ ಇರಬೇಕು. 0.41 ತೋರಿಸಿತು.

ತಮಾಷೆ ಏನೆಂದರೆ ಈ ಸ್ವಿಚ್ಚನ್ನು ನಾನು ಮೊದಲ ವಾರವೇ ಪರೀಕ್ಷಿಸಿದ್ದೆ. ಮೆಷಿನ್ ಆಫ್ ಮಾಡಿ, ಮೀಟರನ್ನು ಬೀಪ್ ಮೋಡ್‌ಗೆ ಹಾಕಿ ನೋಡಿದ್ದೆ. ಬೀಪ್ ಅಂದಿತ್ತು. ಬೀಪ್ ಅಂದರೆ ದಾರಿ ಇದೆ ಅಂತ ಅರ್ಥ, ದಾರಿ ಚೆನ್ನಾಗಿದೆ ಅಂತಲ್ಲ. ಈ 5 ವೋಲ್ಟಿನ ದಾರಿಯಲ್ಲಿ 0.9 ಆಂಪಿಯರ್ ಹರಿಯುತ್ತಿತ್ತು. 0.41 ವೋಲ್ಟ್ ಬೀಳಬೇಕಾದರೆ ಅಡ್ಡಿ ಅರ್ಧ ಓಮ್ ಕೂಡ ಬೇಕಿಲ್ಲ. ಮೀಟರಿನ ವೈರ್‌ಗಳಲ್ಲೇ ಹೆಚ್ಚುಕಮ್ಮಿ ಅಷ್ಟು ಇರುತ್ತದೆ, ಅದು ಬೀಪ್ ಅನ್ನದೆ ಇನ್ನೇನು ಮಾಡುತ್ತದೆ ಪಾಪ. ಬಿಸಿಯ ಗುಟ್ಟೂ ಇಲ್ಲೇ ಬಿಚ್ಚಿಕೊಂಡಿತು. ಕಾದದ್ದು ಚಿಪ್ ಅಲ್ಲ, ಸ್ವಿಚ್ಚಿನ ಹೊಟ್ಟೆ. ಕಪ್ಪಾದ ಲೋಹ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಅಡ್ಡಿ ಹೆಚ್ಚುತ್ತದೆ, ವೋಲ್ಟೇಜ್ ಇನ್ನಷ್ಟು ಬೀಳುತ್ತದೆ. ಸಿಟ್ಟಿನಲ್ಲಿ ಪಟಪಟ ಆನ್ ಆಫ್ ಮಾಡಿದಾಗ ಒಳಗಿನ ತಗಡುಗಳು ಒಂದಕ್ಕೊಂದು ಉಜ್ಜಿ ಸ್ವಲ್ಪ ಹೊತ್ತಿಗೆ ಸ್ವಚ್ಛವಾಗುತ್ತಿದ್ದವು.

ಸ್ವಿಚ್ಚನ್ನು ಬೋರ್ಡಿನಿಂದ ಬಿಡಿಸುವುದೇ ಒಂದು ಸಾಹಸ. ದಪ್ಪ ಕಾಲುಗಳು ಬೆಸುಗೆಯ ಬಿಸಿಯನ್ನೆಲ್ಲ ಕುಡಿದುಬಿಡುತ್ತವೆ. ಹೊಸ ಬೆಸುಗೆ ಸೇರಿಸಿ, ಹೀರಿ, ಮತ್ತೆ ಸೇರಿಸಿ, ಮತ್ತೆ ಹೀರಿ, ಅಂತೂ ಬಿಟ್ಟುಕೊಂಡಿತು. ಪಕ್ಕದ ಮಡಿಕೆಗಳನ್ನು ಸಣ್ಣ ಸ್ಕ್ರೂಡ್ರೈವರ್‌ನಲ್ಲಿ ಮೀಟಿ ಮುಚ್ಚಳ ಎತ್ತುವಷ್ಟರಲ್ಲಿ ಒಳಗಿದ್ದ ಸ್ಪ್ರಿಂಗ್ ಠಣ್ ಅಂತ ಹಾರಿ ಹೋಯಿತು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಮುಕ್ಕಾಲು ಗಂಟೆ ಮಂಚದ ಕೆಳಗೆ ಟಾರ್ಚ್ ಹಿಡಿದು ಹುಡುಕಿದೆ. ಕೊನೆಗೆ ಸಿಕ್ಕಿದ್ದು ನನ್ನ ಅಂಗಿಯ ಜೇಬಿನಲ್ಲಿ. ತಗಡುಗಳ ಕೂಡುವ ಜಾಗ ಹಳೆಯ ಬೆಳ್ಳಿ ಲೋಟದ ಒಳಗಿನ ಹಾಗೆ ಕಪ್ಪಗಿತ್ತು. ಆಲ್ಕೋಹಾಲ್‌ನಲ್ಲಿ ಅದ್ದಿದ ಗಟ್ಟಿ ಕಾಗದದ ಪಟ್ಟಿ ನಡುವೆ ಇಟ್ಟು ಎಳೆದೆ, ಕಪ್ಪು ಗೆರೆ ಮೂಡಿತು. ಗೆರೆ ಬರುವುದು ನಿಲ್ಲುವವರೆಗೂ ಎಳೆದೆ. ಉಪ್ಪುಕಾಗದ ಹಾಕಿ ತಿಕ್ಕಬಾರದು, ಮೇಲಿನ ಲೇಪ ಹೋಗಿಬಿಡುತ್ತದೆ.

ಜೋಡಿಸಿ ಆನ್ ಮಾಡಿದಾಗ ಸ್ವಿಚ್ ಮೇಲೆ 0.03, ಮೆಮೊರಿ ಚಿಪ್‌ನಲ್ಲಿ 5.01. ಒಂದು ಗಂಟೆ ಆಯಿತು, ಮೂರು ಗಂಟೆ ಆಯಿತು, ಗಡಿಯಾರ ಓಡುತ್ತಲೇ ಇತ್ತು. ಇನ್ನೂ ಒಂದು ಸಂಗತಿ ಆಗ ಗಮನಕ್ಕೆ ಬಂತು. ಸದ್ದಿನಲ್ಲಿದ್ದ ಚರಪರವೂ ಮಾಯ. ಕಾರಣ ಯೋಚಿಸಿದರೆ ಸರಿಯಾಗಿಯೇ ಇದೆ. ಇದು ಎರಡು ದಾರಿಯ ಸ್ವಿಚ್. ಒಂದು ದಾರಿಯಲ್ಲಿ 5 ವೋಲ್ಟ್, ಇನ್ನೊಂದರಲ್ಲಿ 9 ವೋಲ್ಟ್ ಎಸಿ. ಆ ಎಸಿಯಿಂದಲೇ ಬೋರ್ಡಿನ ಮೇಲಿನ ರೆಗ್ಯುಲೇಟರ್ 12 ವೋಲ್ಟ್ ಮಾಡಿ ಸಿಡ್‌ಗೆ ಕೊಡುವುದು. ಎರಡೂ ದಾರಿಯ ತಗಡು ಕಪ್ಪಾಗಿದ್ದರೆ ಒಂದು ಕಡೆ ಹ್ಯಾಂಗು, ಇನ್ನೊಂದು ಕಡೆ ಚರಪರ. ಎರಡಕ್ಕೂ ಒಂದೇ ಕಾರಣ ಅಂತ ನಾನು ಹೇಳಿದ್ದು ನಿಜವೇ ಆಯಿತಲ್ಲ ಅಂತ ಬೀಗಿದೆ.

ಬೀಗಿದ್ದು ಹಾಡು ಹಾಕುವ ತನಕ ಮಾತ್ರ. ಗುಂಯ್ ಹಾಗೇ ಇತ್ತು, ಬೇಸ್ ಇನ್ನೂ ಬಂದಿರಲಿಲ್ಲ.

ಗುಂಯ್ ಬೇಗ ಬಗೆಹರಿಯಿತು. ಟೀವಿಗೆ ಹೋಗುವ ಕೇಬಲ್‌ನಲ್ಲಿ ಒಂದು ಪಿನ್ ಸದ್ದು ಹೊರಗೆ ಹೋಗಲು, ಇನ್ನೊಂದು ಸದ್ದು ಒಳಗೆ ಬರಲು. ಹೊರಗಿನ ದನಿಯನ್ನು ಸಿಡ್ ಮೂಲಕ ಹಾಯಿಸಲು ಕೊಟ್ಟ ಸೌಕರ್ಯ ಅದು. ನನ್ನ ಕೇಬಲ್‌ನಲ್ಲಿ ಒಳಗೆ ಬರುವ ವೈರ್‌ಗೆ ಯಾವ ಜೋಡಣೆಯೂ ಇಲ್ಲದೆ ತುದಿ ನೇತಾಡುತ್ತಿತ್ತು. ಆಂಟೆನಾ ಥರ ಸುತ್ತಲಿನ ಗಲಾಟೆಯನ್ನೆಲ್ಲ ಹಿಡಿದು ಸಿಡ್‌ಗೆ ಉಣಿಸುತ್ತಿತ್ತು. ಅದನ್ನು ಗ್ರೌಂಡ್‌ಗೆ ಸೇರಿಸಿದೆ. ಮುಕ್ಕಾಲು ಪಾಲು ಕಡಿಮೆಯಾಯಿತು. ಉಳಿದ ಕಾಲು ಪಾಲು ವಿಡಿಯೋ ಚಿಪ್ ಕಡೆಯಿಂದ ಸೋರುವುದು. ಪರದೆಯ ಚಿತ್ರ ಬದಲಾದರೆ ಆ ಸದ್ದಿನ ರಾಗವೂ ಬದಲಾಗುತ್ತದೆ. ಅದರ ಜೊತೆ ಬಾಳುವುದೇ ಸೈ.

ಬೇಸ್‌ಗೆ ಮಾತ್ರ ಕೂತು ವಿಚಾರಣೆ ಮಾಡಬೇಕಾಯಿತು. ಸಿಡ್‌ನ ಮೊದಲ ದನಿಯನ್ನು ಕೈಯಾರೆ ಎಬ್ಬಿಸಿದೆ. ಅದಕ್ಕೆ ಬೇಸಿಕ್‌ನಲ್ಲಿ ಪೋಕ್ ಅಂತ ಆಜ್ಞೆ ಇದೆ, ಹೇಳಿದ ವಿಳಾಸಕ್ಕೆ ಹೇಳಿದ ಅಂಕಿ ಬರೆಯುತ್ತದೆ. ಪೋಕ್ 54296ಕ್ಕೆ 15, ವಾಲ್ಯೂಮ್ ಪೂರ್ತಿ. 54277ಕ್ಕೆ 0, 54278ಕ್ಕೆ 240, 54273ಕ್ಕೆ 16. ಕೊನೆಗೆ 54276ಕ್ಕೆ 33. ಗರಗಸದ ಹಲ್ಲಿನ ಅಲೆ ಜೋರಾಗಿ ಕೂಗಿತು. 33ರ ಬದಲು 17 ಹಾಕಿದರೆ ಮೆತ್ತನೆಯ ತ್ರಿಕೋನದ ಅಲೆ, 129 ಹಾಕಿದರೆ ಮಳೆಯ ಸದ್ದು. ಎರಡನೆಯ, ಮೂರನೆಯ ದನಿಗೆ ವಿಳಾಸ 7, 14 ಮುಂದೆ. ಮೂರೂ ಠೀಕಾಗಿದ್ದವು. ಹಾಗಾದರೆ ಉಳಿದದ್ದು ಫಿಲ್ಟರ್. 54295ಕ್ಕೆ 241 ಹಾಕಿ ದನಿಯನ್ನು ಫಿಲ್ಟರ್ ಕಡೆ ತಿರುಗಿಸಿದೆ, 54296ಕ್ಕೆ 31 ಹಾಕಿ ಕೆಳಸ್ವರ ಮಾತ್ರ ಬಿಡು ಅಂದೆ, 54294ನ್ನು 0ಯಿಂದ 255ರವರೆಗೆ ಏರಿಸುತ್ತಾ ಹೋದೆ. ಬಾಯಿ ಮುಚ್ಚಿಕೊಂಡು ಮ್ ಅನ್ನುವವನು ನಿಧಾನಕ್ಕೆ ಆ ಅಂತ ಬಾಯಿ ತೆರೆದ ಹಾಗೆ ಕೇಳಿಸಬೇಕು. ನನಗೆ ಕೇಳಿಸಿದ್ದು ಮೌನ. 230 ದಾಟಿದ ಮೇಲೆ ಸೊಳ್ಳೆಯ ಹಾಗೆ ಸಣ್ಣಗೆ ಏನೋ.

ಹಾಡು ಬರೆದವರು ಬೇಸನ್ನು ಫಿಲ್ಟರ್ ಮೂಲಕ ಕಳಿಸಿದ್ದರು. ಫಿಲ್ಟರ್ ಸತ್ತಿದ್ದರಿಂದ ಬೇಸ್ ಅದರೊಳಗೇ ಹೂತುಹೋಗುತ್ತಿತ್ತು. ಇದಕ್ಕೂ ಸ್ವಿಚ್ಚಿಗೂ ಸಂಬಂಧ ಇಲ್ಲ. ಫಿಲ್ಟರ್‌ಗೆ ಚಿಪ್‌ನ ಹೊರಗೆ ಎರಡು 470 ಪಿಕೋಫ್ಯಾರಡ್ ಕೆಪ್ಯಾಸಿಟರ್ ಇರುತ್ತವೆ, 1ರಿಂದ 4ನೇ ಕಾಲಿನವರೆಗೆ ಸೇರಿಕೊಂಡು. ಅವನ್ನು ಬಿಡಿಸಿ ಅಳೆದೆ, ಎರಡೂ ಸರಿಯಾಗಿದ್ದವು. ಅಂದರೆ ಚಿಪ್‌ನೊಳಗೇ ಹೋಗಿದೆ. ಹಳೆಯ 6581 ಸಿಡ್‌ಗಳು ಹೀಗೆ ಅರ್ಧ ಸಾಯುವುದು ಹೊಸದೇನಲ್ಲ.

ಗೆಳೆಯನೊಬ್ಬನ ಹತ್ತಿರ ಬಿಡಿ ಸಿಡ್ ಇತ್ತು. "ತಗೋ, ಹಾಕು" ಅಂತ ಕಳಿಸಿದ. ಹಳೆಯದನ್ನು ಆ ತುದಿ ಒಂಚೂರು, ಈ ತುದಿ ಒಂಚೂರು ಮೀಟಿ ಎತ್ತಿದೆ. 28 ಕಾಲು, ಒಂದು ಸ್ವಲ್ಪ ಬಗ್ಗಿತು. ಹೊಸದರ ಕಚ್ಚು ಯಾವ ಕಡೆ ಅಂತ ನೋಡಲು ದೀಪದ ಕೆಳಗೆ ಹಿಡಿದಾಗ ಮೇಲಿದ್ದ ಅಂಕಿ ಕಣ್ಣಿಗೆ ಬಿತ್ತು. 8580. ಕೈ ಅಲ್ಲೇ ನಿಂತಿತು. ಇದೂ ಸಿಡ್ಡೇ, ಕಾಲುಗಳೂ ಅಷ್ಟೇ, ಸಾಕೆಟ್‌ನಲ್ಲಿ ಆರಾಮಾಗಿ ಕೂರುತ್ತದೆ. ಆದರೆ ಇದಕ್ಕೆ ಬೇಕಾದದ್ದು 9 ವೋಲ್ಟ್, ನನ್ನ ಬೋರ್ಡ್ ಕೊಡುವುದು 12. ಫಿಲ್ಟರ್ ಕೆಪ್ಯಾಸಿಟರ್ ಕೂಡ ಬೇರೆ, 22 ನ್ಯಾನೋಫ್ಯಾರಡ್. ಸ್ವಿಚ್ ಒತ್ತಿದ್ದರೆ ಒಳ್ಳೆಯ ಚಿಪ್ ಒಂದು ಅಲ್ಲೇ ಹೊಗೆಯಾಗುತ್ತಿತ್ತು. ಗೆಳೆಯನಿಗೆ ಫೋನ್ ಮಾಡಿದರೆ "ಅಯ್ಯೋ, ಎರಡೂ ಒಂದೇ ಅಲ್ವೇನೋ?" ಅಂದ. ಅವನ ಡಬ್ಬಿಯಲ್ಲೇ ಇನ್ನೊಂದು 6581 ಸಿಕ್ಕಿತು, ಸತ್ತ ಬೋರ್ಡಿನಿಂದ ತೆಗೆದದ್ದು.

ಅದು ಕೂತ ಮೇಲೆ ಬೇಸ್ ಬಂತು. ಬಂತು ಅಂದರೆ ಮೇಜು ಅದುರಿತು. ಆದರೂ ಎರಡು ದಿನ ಕೇಳಿದ ಮೇಲೆ ಸಣ್ಣ ಅನುಮಾನ: ಈ ಹಾಡನ್ನು ಬೇರೆಯವರ ಮೆಷಿನ್‌ನಲ್ಲಿ ಕೇಳಿದ್ದೆನಲ್ಲ, ಅದರ ದನಿ ಇದಕ್ಕಿಂತ ತೆಳುವಾಗಿತ್ತಲ್ಲ? ಇದು ತಪ್ಪಲ್ಲವಂತೆ. 6581ರ ಫಿಲ್ಟರ್ ಚಿಪ್‌ನಿಂದ ಚಿಪ್‌ಗೆ ಬೇರೆ. ಒಂದೇ ಅಂಕಿ ಬರೆದರೆ ಒಂದರಲ್ಲಿ ಮಂದ್ರ, ಇನ್ನೊಂದರಲ್ಲಿ ಚೂಪು. ಹಾಡು ಬರೆದವರು ತಮ್ಮ ಮನೆಯ ಚಿಪ್ ಕೇಳಿಕೊಂಡು ಬರೆದಿರುತ್ತಾರೆ. ಹಾಗಾದರೆ ಆ ಹಾಡಿನ ಸರಿಯಾದ ದನಿ ಯಾವುದು? ನನ್ನ ಮಟ್ಟಿಗೆ ನನ್ನದೇ.

ಈ ಗಲಾಟೆಯಲ್ಲಿ ದೋಷವೇ ಅಲ್ಲದ ಮೂರನ್ನು ದೋಷ ಅಂತ ಅಟ್ಟಿಸಿಕೊಂಡು ಹೋಗಿದ್ದೆ. ಒಂದು, ವಾಲ್ಯೂಮ್ ಬದಲಿಸಿದಾಗಲೆಲ್ಲ ಬರುವ ಟಕ್ ಸದ್ದು. 6581ರ ಸ್ವಭಾವವೇ ಅದು. ಚತುರರು ಆ ಟಕ್‌ಗಳನ್ನೇ ಸೆಕೆಂಡಿಗೆ ಸಾವಿರಾರು ಸಲ ಹೊಡೆಸಿ ಡ್ರಮ್ಮು, ಮನುಷ್ಯರ ಮಾತು ಎಲ್ಲ ನುಡಿಸಿದರು. 8580ರಲ್ಲಿ ಟಕ್ ಸಣ್ಣದಾದ್ದರಿಂದ ಅದೇ ಮಾತು ಪಿಸುಗುಟ್ಟಿದ ಹಾಗೆ ಕೇಳುತ್ತದೆ. ಎರಡು, ಕೆಲವು ಹಾಡು ಎಳೆದೆಳೆದು ಬರುವುದು. ನನ್ನದು ಸೆಕೆಂಡಿಗೆ 50 ಸಲ ಪರದೆ ಬರೆಯುವ, ಪಾಲ್ ಅನ್ನುವ ಟೀವಿ ಪದ್ಧತಿಯ ಮೆಷಿನ್. ಹಾಡುಗಳ ತಾಳ ಸಾಮಾನ್ಯವಾಗಿ ಆ ಲೆಕ್ಕಕ್ಕೇ ಕಟ್ಟಿಕೊಂಡಿರುತ್ತದೆ. 60 ಸಲ ಬರೆಯುವ ಎನ್‌ಟಿಎಸ್‌ಸಿ ಪದ್ಧತಿಗೆ ಅಂತ ಮಾಡಿದ ಹಾಡು ಇಲ್ಲಿ ಕುಂಟುತ್ತದೆ. ಮೂರು, ಒಂದು ಆಟ ಮಾತ್ರ ಯಾವಾಗಲೂ ಮೂರನೇ ಹಂತದ ಬಾಗಿಲ ಹತ್ತಿರವೇ ನಿಲ್ಲುವುದು. ಅದಕ್ಕೋಸ್ಕರ ಮತ್ತೆ ಮುಚ್ಚಳ ಬಿಚ್ಚಿದ್ದೆ. ಹ್ಯಾಂಗ್ ಕಂಡಕಂಡಲ್ಲಿ ಅಲೆದಾಡುತ್ತಿದ್ದರೆ ಬೋರ್ಡ್ ಬಿಚ್ಚಿ. ಒಂದೇ ಜಾಗದಲ್ಲಿ ಕೂತಿದ್ದರೆ ಕ್ಯಾಸೆಟ್ ನೋಡಿ. ಬೇರೆ ಪ್ರತಿ ಹಾಕಿದೆ, ಬಾಗಿಲು ತೆರೆಯಿತು.

ಹಳೆಯ ಸಿಡ್‌ನ್ನು ಎಸೆದಿಲ್ಲ. "ಮೂರೂ ದನಿ ಸರಿ, ಫಿಲ್ಟರ್ ಇಲ್ಲ" ಅಂತ ಚೀಟಿ ಅಂಟಿಸಿ ಕಪ್ಪು ಫೋಮ್‌ನಲ್ಲಿ ಚುಚ್ಚಿ ಇಟ್ಟಿದ್ದೇನೆ.

ಮೊನ್ನೆ ರಾತ್ರಿ ಗಡಿಯಾರದ ಪ್ರೋಗ್ರಾಂ ಓಡಿಸಿ, ಟೀವಿ ಆಫ್ ಮಾಡಿ ಮಲಗಿದೆ. ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಟೀವಿ ಹಾಕಿದೆ. 075213. ನೋಡುತ್ತಿದ್ದ ಹಾಗೇ 14 ಆಯಿತು, 15 ಆಯಿತು. ಸ್ವಿಚ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಮಾವನಿಗೆ ಫೋನ್ ಮಾಡಿ ಹೇಳಿದರೆ "ಹೂಂ" ಅಂದರು. ಆಮೇಲೆ, "ಅಟ್ಟದಲ್ಲಿ ಇನ್ನೊಂದು ಇದೆ ಕಣೋ. ಅದು ಆನೇ ಆಗಲ್ಲ."